ತಿಮಿಂಗಿಲದ ಉಸಿರಿಗೆ ಕಾಯುವುದು: ಸಣ್ಣ ದೋಣಿಯಲ್ಲಿ ಹೋಗುವವರಿಗೆ

ತಿಮಿಂಗಿಲ ಮೇಲೆ ಬರಲೇಬೇಕಾದದ್ದು ಉಸಿರಾಡಲಿಕ್ಕೆ. ನಮಗೆ ಕಾಣುವುದು ಆ ಕೆಲವು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಅದು ನೀರಿನಡಿ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಸಾಕು. ಯಾವ ದೋಣಿ ಹಿಡಿಯಬೇಕು, ಕ್ಯಾಮೆರಾ ಯಾವಾಗ ಎತ್ತಬೇಕು, ಕ್ಯಾಪ್ಟನ್ ಇಪ್ಪತ್ತು ನಿಮಿಷದಿಂದ ಯಾಕೆ ಸುಮ್ಮನೆ ನಿಂತಿದ್ದಾರೆ ಎನ್ನುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹತ್ತು ಹನ್ನೆರಡು ಜನ ಕೂರುವ ಸಣ್ಣ ದೋಣಿಯಲ್ಲಿ ಹೋದರೆ ತಿಮಿಂಗಿಲದ ಹತ್ತಿರಕ್ಕೆ ಹೋಗಬಹುದು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ತಿಮಿಂಗಿಲದಿಂದ ಎಷ್ಟು ದೂರ ಇರಬೇಕೆಂಬ ನಿಯಮ ದೊಡ್ಡ ದೋಣಿಗೂ ಸಣ್ಣ ದೋಣಿಗೂ ಒಂದೇ. ಸಣ್ಣ ದೋಣಿಯ ಲಾಭ ಬೇರೆ: ನಿಮ್ಮ ಕಣ್ಣು ನೀರಿನ ಮಟ್ಟಕ್ಕೆ ಹತ್ತಿರವಿರುತ್ತದೆ, ಎಲ್ಲರಿಗೂ ಅಂಚಿನ ಜಾಗ ಸಿಗುತ್ತದೆ, ಎಂಜಿನ್ ನಿಂತಾಗ ಉಸಿರಿನ ಸದ್ದು ನೇರವಾಗಿ ಕಿವಿಗೆ ಬೀಳುತ್ತದೆ. ನಷ್ಟವೂ ಇದೆ. ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 5 ಕಿಲೋಮೀಟರ್ ದೂರದಲ್ಲಿರುತ್ತದೆ. ದೊಡ್ಡ ದೋಣಿಯ ಮೇಲಂತಸ್ತಿನಲ್ಲಿ, 8 ಮೀಟರ್ ಎತ್ತರದಿಂದ, ಅದು ಸುಮಾರು 10 ಕಿಲೋಮೀಟರ್. ಹಾಗಾಗಿ ಸಣ್ಣ ದೋಣಿಯವರು ತಿಮಿಂಗಿಲ ಹುಡುಕಲು ಬೇರೆಯವರ ಕಣ್ಣನ್ನೂ ನೆಚ್ಚಿಕೊಳ್ಳಬೇಕಾಗುತ್ತದೆ. ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಲ್ಲಿ ಇದಕ್ಕೊಂದು ಸೊಗಸಾದ ಏರ್ಪಾಡಿದೆ. 1980ರ ದಶಕದವರೆಗೂ ತಿಮಿಂಗಿಲ ಬೇಟೆಗಾರರಿಗೆ ದಿಕ್ಕು ತೋರಿಸುತ್ತಿದ್ದ ಗುಡ್ಡದ ಮೇಲಿನ ಕಾವಲು ಗೂಡುಗಳಲ್ಲಿ ಈಗಲೂ ಜನ ದುರ್ಬೀನು ಹಿಡಿದು ಕೂತು, ರೇಡಿಯೊದಲ್ಲಿ ಪ್ರವಾಸಿ ದೋಣಿಗಳಿಗೆ ದಾರಿ ಹೇಳುತ್ತಾರೆ.

ಸಣ್ಣ ದೋಣಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಗಟ್ಟಿ ತಳಕ್ಕೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿದ ‘ರಿಬ್’. ಇನ್ನೊಂದು, ಚಿಕ್ಕ ಕ್ಯಾಬಿನ್ ಇರುವ ಮಾಮೂಲಿ ಮೋಟಾರ್ ದೋಣಿ. ರಿಬ್ ವೇಗವಾಗಿ ಹೋಗುತ್ತದೆ, ಬೇಗ ತಿಮಿಂಗಿಲ ಇರುವಲ್ಲಿಗೆ ತಲುಪಿಸುತ್ತದೆ. ಆದರೆ ಸಾಮಾನ್ಯವಾಗಿ ಅದರಲ್ಲಿ ಸೂರೂ ಇಲ್ಲ, ಶೌಚಾಲಯವೂ ಇಲ್ಲ. ಅಲೆಯಿಂದ ಅಲೆಗೆ ಜಿಗಿಯುವಾಗ ಬೀಳುವ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ತಾಗುತ್ತದೆ. ಗರ್ಭಿಣಿಯರು, ಬೆನ್ನು ಅಥವಾ ಕುತ್ತಿಗೆ ನೋವಿರುವವರು, ತೀರ ಚಿಕ್ಕ ಮಕ್ಕಳು ರಿಬ್ ಹತ್ತಬಾರದು. ಹೆಚ್ಚಿನ ಕಡೆ ಹತ್ತಿಸಿಕೊಳ್ಳುವುದೂ ಇಲ್ಲ. ರಿಬ್‌ನಲ್ಲಿ ಮೂತಿಯ ಕಡೆಯ ಸೀಟಿಗೆ ಕುಲುಕು ಜಾಸ್ತಿ, ಹಿಂದಿನ ಸೀಟಿಗೆ ಕಡಿಮೆ. ಕುದುರೆ ಸವಾರಿಯ ಹಾಗೆ ಎರಡೂ ಬದಿಗೆ ಕಾಲು ಹಾಕಿ ಕೂರುವ ಸೀಟಾದರೆ, ಅಲೆ ಬಂದಾಗ ಮಂಡಿ ಬಗ್ಗಿಸಿ ಭಾರವನ್ನು ಕಾಲಿಗೆ ಕೊಡಿ. ಬೆನ್ನು ಸೆಟೆದು ಕೂತರೆ ಮರುದಿನ ಏಳುವುದು ಕಷ್ಟ.

ಬುಕ್ ಮಾಡುವ ಮುನ್ನ ಕೇಳಬೇಕಾದ್ದನ್ನು ಕೇಳಿಬಿಡಿ. ದೋಣಿಯಲ್ಲಿ ಒಟ್ಟು ಎಷ್ಟು ಜನ? ಕ್ಯಾಪ್ಟನ್ ಅಲ್ಲದೆ ಬೇರೆ ಗೈಡ್ ಇರುತ್ತಾರೆಯೇ? ಹವಾಮಾನ ಕೆಟ್ಟು ರದ್ದಾದರೆ ಹಣ ವಾಪಸೋ, ಬೇರೆ ದಿನವೋ? ‘ತಿಮಿಂಗಿಲ ಕಾಣುವ ಗ್ಯಾರಂಟಿ’ ಎಂದು ಬರೆದಿದ್ದರೆ ಅದರ ಅರ್ಥ ಹೆಚ್ಚಾಗಿ ಇನ್ನೊಂದು ಪ್ರವಾಸ ಉಚಿತ ಎಂದು, ಹಣ ಮರಳಿಸುತ್ತಾರೆ ಎಂದಲ್ಲ. ನಾಳೆಯೇ ಊರು ಬಿಡುವವರಿಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಅಲ್ಲಿರುವ ದಿನಗಳಲ್ಲಿ ಮೊದಲ ದಿನಕ್ಕೇ ಬುಕ್ ಮಾಡುವುದು ಜಾಣತನ. ಇನ್ನು ‘ತಿಮಿಂಗಿಲವನ್ನು ಮುಟ್ಟುವಷ್ಟು ಹತ್ತಿರ’ ಎಂದು ಜಾಹೀರಾತು ಹಾಕುವವರ ದೋಣಿಯನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಋತು ನೋಡದೆ ಹೋದರೆ ಉಳಿದದ್ದೆಲ್ಲ ವ್ಯರ್ಥ. ಹವಾಯಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲದಲ್ಲಿ ಮರಿ ಹಾಕಲು ಬರುತ್ತವೆ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಶ್ರೀಲಂಕಾದ ಮಿರಿಸ್ಸಾದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಶಾಂತ, ಆಳ ದಡಕ್ಕೆ ಹತ್ತಿರ, ನೀಲಿ ತಿಮಿಂಗಿಲ ಸಿಗುತ್ತದೆ. ನ್ಯೂಜಿಲೆಂಡ್‌ನ ಕೈಕೌರಾದಲ್ಲಿ ಮಾತ್ರ ದಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಮುದ್ರದಡಿಯ ಕಣಿವೆ 1,000 ಮೀಟರ್‌ಗೂ ಆಳಕ್ಕೆ ಇಳಿಯುವುದರಿಂದ, ಗಂಡು ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಇರುತ್ತವೆ.

ಹೊರಡುವ ಹಿಂದಿನ ದಿನ ಮಳೆಗಿಂತ ಮುಖ್ಯವಾಗಿ ನೋಡಬೇಕಾದ್ದು ಗಾಳಿ. 7ರಿಂದ 10 ನಾಟ್ (ಗಂಟೆಗೆ ಸುಮಾರು 13ರಿಂದ 19 ಕಿಲೋಮೀಟರ್) ಗಾಳಿಗೆ ಅಲೆಯ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಏಳತೊಡಗುತ್ತದೆ. 11-16 ನಾಟ್ ಆದರೆ ಕಡಲೆಲ್ಲ ನೊರೆ, ಅದರ ನಡುವೆ ತಿಮಿಂಗಿಲದ ಉಸಿರನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ಅಲೆಯ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. 12 ಸೆಕೆಂಡಿಗೊಮ್ಮೆ ಬರುವ 2 ಮೀಟರ್ ಅಲೆ ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ. 5 ಸೆಕೆಂಡಿಗೊಮ್ಮೆ ಬರುವ 1 ಮೀಟರ್ ಅಲೆ ಕರುಳು ಕಿತ್ತು ಬರುವಂತೆ ಕುಲುಕುತ್ತದೆ. ಬಿಸಿಲೇರಿದಂತೆ ಕಡಲಗಾಳಿ ಬಲವಾಗುವ ಕರಾವಳಿಗಳಲ್ಲಿ ಬೆಳಗಿನ ಮೊದಲ ದೋಣಿಯೇ ಒಳ್ಳೆಯದು.

ವಾಂತಿಯ ವಿಷಯದಲ್ಲಿ ಜನ ಮಾಡುವ ಮುಖ್ಯ ತಪ್ಪು, ವಾಕರಿಕೆ ಶುರುವಾದ ಮೇಲೆ ಮಾತ್ರೆ ನುಂಗುವುದು. ಅಷ್ಟು ಹೊತ್ತಿಗೆ ಹೊಟ್ಟೆಯ ಚಲನೆ ನಿಧಾನವಾಗಿರುತ್ತದೆ, ಮಾತ್ರೆ ರಕ್ತಕ್ಕೆ ಬೇಗ ಸೇರುವುದಿಲ್ಲ, ಸೇರುವ ಮುಂಚೆ ಹೊರಗೂ ಬಂದುಬಿಡಬಹುದು. ಡೈಮೆನ್‌ಹೈಡ್ರಿನೇಟ್ ಆದರೆ ದೋಣಿ ಹತ್ತುವ ಅರ್ಧದಿಂದ ಒಂದು ಗಂಟೆ ಮೊದಲು, ಸಿನ್ನಾರಿಜಿನ್ ಆದರೆ ಸುಮಾರು 2 ಗಂಟೆ ಮೊದಲು. ಎರಡೂ ನಿದ್ದೆ ತರುತ್ತವೆ. ಕಿವಿಯ ಹಿಂದೆ ಅಂಟಿಸುವ ಹಯೋಸಿನ್ ಪಟ್ಟಿಯನ್ನು ಕನಿಷ್ಠ 4 ಗಂಟೆ ಮೊದಲು ಹಚ್ಚಬೇಕು, ಹಚ್ಚಿದ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು. ಆ ಬೆರಳು ಕಣ್ಣಿಗೆ ತಾಗಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ, ಆಮೇಲೆ ತಿಮಿಂಗಿಲ ನೋಡುವುದು ದೂರದ ಮಾತು. ಗ್ಲಾಕೋಮ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇರುವವರು ಇವುಗಳಲ್ಲಿ ಯಾವುದನ್ನೂ ವೈದ್ಯರನ್ನು ಕೇಳದೆ ಬಳಸಬಾರದು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಜಿಡ್ಡಿನ ಊಟವೂ ಬೇಡ. ದೋಣಿಯ ಮಧ್ಯದಿಂದ ಹಿಂದಕ್ಕೆ ಕೂತು ದಿಗಂತ ನೋಡುತ್ತಿರಿ. ವಾಕರಿಕೆ ಹೆಚ್ಚಾಗುವುದು ದೋಣಿ ಓಡುವಾಗಲ್ಲ, ನಿಂತು ತೂಗಾಡುವಾಗ. ಸರಿಯಾಗಿ ಆ ಹೊತ್ತಿಗೇ ತಲೆ ತಗ್ಗಿಸಿ ಕ್ಯಾಮೆರಾದ ಪರದೆ ನೋಡುತ್ತ ಕೂತರೆ ಮುಗಿಯಿತು. ತಡೆಯಲಾಗದಿದ್ದರೆ ಗಾಳಿ ಬೀಸಿ ಹೋಗುವ ಬದಿಗೆ, ಸಿಬ್ಬಂದಿಗೆ ಹೇಳಿಯೇ ಹೋಗಿ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಡದಲ್ಲಿ ಬೇಕೆನಿಸುವುದಕ್ಕಿಂತ ಒಂದು ಪದರ ಜಾಸ್ತಿ, ಹೊರಗೆ ನೀರು ಒಳಬಿಡದ ಜಾಕೆಟ್, ಮೆತ್ತನೆ ರಬ್ಬರ್ ತಳದ ಬೂಟು, ಕನ್ನಡಕಕ್ಕೆ ದಾರ.

ಕಡಲಿಗಿಳಿದ ಮೇಲೆ ದಿಕ್ಕನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುತ್ತಾರೆ: ದೋಣಿಯ ಮೂತಿ 12 ಗಂಟೆ, ಬಲ ಬದಿ 3, ಹಿಂಭಾಗ 6. ‘ಎರಡು ಗಂಟೆ, ನಾನೂರು ಮೀಟರ್’ ಎಂದು ಕೂಗಿದಾಗ ಎಲ್ಲರೂ ಒಂದೇ ಬದಿಗೆ ನುಗ್ಗಬಾರದು, ಸಣ್ಣ ದೋಣಿ ಆ ಬದಿಗೆ ವಾಲುತ್ತದೆ. ಎದ್ದು ನಿಂತರೂ ಒಂದು ಕೈ ಸದಾ ಹಿಡಿಕೆಯ ಮೇಲಿರಲಿ. ದುರ್ಬೀನು 7×50 ಅಥವಾ 8×42, ಅಂದರೆ ಏಳೆಂಟು ಪಟ್ಟು ಹಿಗ್ಗಿಸುವಂಥದ್ದು ಸಾಕು. ಇನ್ನೂ ಹಿಗ್ಗಿಸುವಂಥದ್ದಾದರೆ ದೋಣಿಯ ಅಲುಗಾಟವನ್ನೂ ಅಷ್ಟೇ ಹಿಗ್ಗಿಸುತ್ತದೆ. ಹುಡುಕುವಾಗ ದುರ್ಬೀನು ಬೇಡವೇ ಬೇಡ. ಬರಿಗಣ್ಣಲ್ಲಿ ದಿಗಂತದ ಕೆಳಗಿನ ಪಟ್ಟಿಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸವರುತ್ತ ಹೋಗಿ. ಕಡಲಹಕ್ಕಿಗಳು ಗುಂಪಾಗಿ ನೀರಿಗೆ ಧುಮುಕುತ್ತಿದ್ದರೆ ಅಲ್ಲಿ ಮೀನಿದೆ, ತಿಮಿಂಗಿಲವೂ ಇರಬಹುದು.

ಮೊದಲು ಕಾಣುವುದು ಉಸಿರಿನ ಕಾರಂಜಿ, ಅದರ ಆಕಾರದಿಂದಲೇ ಜಾತಿ ಊಹಿಸಬಹುದು. ನೀಲಿ ತಿಮಿಂಗಿಲದ್ದು ನೇರ ಕಂಬ, 9 ಮೀಟರ್‌ವರೆಗೂ ಏರುತ್ತದೆ. ಹಂಪ್‌ಬ್ಯಾಕ್‌ನದು ಸುಮಾರು 3 ಮೀಟರ್, ಪೊದೆಯಂತೆ ಹರಡಿದ್ದು. ರೈಟ್ ತಿಮಿಂಗಿಲದ್ದು ಎರಡಾಗಿ ಕವಲೊಡೆಯುತ್ತದೆ. ಸ್ಪರ್ಮ್ ತಿಮಿಂಗಿಲಕ್ಕೆ ಉಸಿರಿನ ರಂಧ್ರ ಒಂದೇ, ಅದೂ ತಲೆಯ ತುದಿಯಲ್ಲಿ ಎಡಕ್ಕೆ. ಹಾಗಾಗಿ ಅದರ ಕಾರಂಜಿ ಮುಂದಕ್ಕೆ, ಎಡಕ್ಕೆ ಓರೆಯಾಗಿ ಚಿಮ್ಮುತ್ತದೆ. ಚಿಕ್ಕ ಜಾತಿಯ ಮಿಂಕೆ ತಿಮಿಂಗಿಲದ್ದು ಎಷ್ಟೋ ಸಲ ಕಾಣುವುದೇ ಇಲ್ಲ, ಗಾಳಿ ಇತ್ತ ಬೀಸುತ್ತಿದ್ದರೆ ಕೊಳೆತ ಮೀನಿನ ವಾಸನೆ ಮೊದಲು ಬರುತ್ತದೆ.

ಈಗ ವಾಚು ನೋಡಿಕೊಳ್ಳಿ. ಮೇವಿನಲ್ಲಿರುವ ಹಂಪ್‌ಬ್ಯಾಕ್ ಕೆಲವು ಸಲ ಸಣ್ಣಸಣ್ಣ ಅಂತರದಲ್ಲಿ ಉಸಿರು ಬಿಟ್ಟು, ಕೊನೆಯ ಉಸಿರಾದ ಮೇಲೆ ಬೆನ್ನನ್ನು ಮಾಮೂಲಿಗಿಂತ ಎತ್ತರಕ್ಕೆ ಕಮಾನು ಮಾಡುತ್ತದೆ. ಆ ಕಮಾನು ಕಂಡಿತೆಂದರೆ ಇನ್ನೆರಡು ಮೂರು ಸೆಕೆಂಡಿಗೆ ಬಾಲ ಮೇಲೇಳುತ್ತದೆ. ನೀರು ಬಾಲದ ಅಂಚಿನಿಂದ ಪರದೆಯಂತೆ ಸುರಿಯುತ್ತಿರುವಾಗಲೇ ಅದು ಲಂಬವಾಗಿ ಒಳಗಿಳಿದಿರುತ್ತದೆ. ಬಾಲದ ಬಡಿತ ಕೆಳಗಿನ ನೀರನ್ನು ಮೇಲಕ್ಕೆ ತಳ್ಳುವುದರಿಂದ, ಹೋದ ಜಾಗದಲ್ಲಿ ಅಲೆಗಳನ್ನು ಅಳಿಸಿದಂಥ ನುಣುಪಾದ ವೃತ್ತವೊಂದು ಸ್ವಲ್ಪ ಹೊತ್ತು ಉಳಿಯುತ್ತದೆ. ಒಂದರ ಹಿಂದೊಂದು ಅಂಥ ವೃತ್ತಗಳು ಕಂಡರೆ ಅವು ಸಾಗಿರುವ ಗೆರೆಯೇ ತಿಮಿಂಗಿಲದ ದಿಕ್ಕು. ಮುಳುಗಿದ್ದು 7 ನಿಮಿಷ, ವೇಗ ಗಂಟೆಗೆ 5 ಕಿಲೋಮೀಟರ್ ಎಂದಿಟ್ಟುಕೊಂಡರೆ ಮತ್ತೆ ಏಳುವುದು ಸುಮಾರು 600 ಮೀಟರ್ ಮುಂದೆ. ಮುಳುಗಿದ ಜಾಗವನ್ನೇ ದಿಟ್ಟಿಸುತ್ತ ಕೂತವರು ಪ್ರತಿ ಸಲವೂ ತಡವಾಗಿ ತಿರುಗುವುದು ಇದಕ್ಕೇ. ಎರಡು ಮುಳುಗಿನ ಹೊತ್ತು ಅಳೆದರೆ ಮೂರನೆಯದನ್ನು ಒಂದೆರಡು ನಿಮಿಷದ ಅಂತರದಲ್ಲಿ ಹೇಳಬಹುದು.

ಸ್ಪರ್ಮ್ ತಿಮಿಂಗಿಲದ ಲೆಕ್ಕ ಬೇರೆ. ಸುಮಾರು 10 ನಿಮಿಷ ಮರದ ದಿಮ್ಮಿಯಂತೆ ಮೇಲೆ ತೇಲುತ್ತ ಉಸಿರು ತುಂಬಿಕೊಂಡು, ಮುಳುಗಿದರೆ 45 ನಿಮಿಷವೋ ಒಂದು ಗಂಟೆಯೋ ಕಾಣುವುದಿಲ್ಲ. ಆಗ ಕ್ಯಾಪ್ಟನ್ ನೀರಿಗೆ ಹೈಡ್ರೊಫೋನ್ (ನೀರಿನಡಿಯ ಸದ್ದು ಹಿಡಿಯುವ ಮೈಕು) ಇಳಿಸಿ ತಿಮಿಂಗಿಲದ ಟಿಕ್ ಟಿಕ್ ಸದ್ದು ಕೇಳುತ್ತಾರೆ. ಬೇಟೆಯಾಡುವಾಗ ಆ ಸದ್ದು ಒಂದೇ ಸಮನೆ ಬರುತ್ತಿರುತ್ತದೆ. ನಿಂತಿತೆಂದರೆ ಮೇಲೆ ಬರುವ ಹೊತ್ತು ಹತ್ತಿರವಾಯಿತು.

ದೂರದ ನಿಯಮಗಳೂ ಈ ಉಸಿರಿನ ಲೆಕ್ಕಕ್ಕೇ ಬಂದು ನಿಲ್ಲುತ್ತವೆ. ಹವಾಯಿಯಲ್ಲಿ ಹಂಪ್‌ಬ್ಯಾಕ್‌ನಿಂದ 100 ಗಜ ದೂರ ಇರಬೇಕು. ಆಸ್ಟ್ರೇಲಿಯಾದಲ್ಲಿ ತಿಮಿಂಗಿಲದಿಂದ 100 ಮೀಟರ್. 300 ಮೀಟರ್‌ನೊಳಗೆ ಬಂದ ಮೇಲೆ ವೇಗ ತಗ್ಗಿಸಬೇಕು, ಒಂದೇ ಸಲ ಮೂರಕ್ಕಿಂತ ಹೆಚ್ಚು ದೋಣಿ ಇರಬಾರದು. ನ್ಯೂಜಿಲೆಂಡ್‌ನಲ್ಲಿ 50 ಮೀಟರ್, ಮರಿಯಿದ್ದರೆ 200. ಮರಿಯ ಶ್ವಾಸಕೋಶ ಚಿಕ್ಕದು, ತಾಯಿ ಕೆಳಗೇ ಇದ್ದರೂ ಅದು ಕೆಲವೇ ನಿಮಿಷಕ್ಕೊಮ್ಮೆ ಒಂಟಿಯಾಗಿ ಮೇಲೆ ಬರಬೇಕು. ಆ ಹೊತ್ತಿಗೆ ದೋಣಿ ಇಬ್ಬರ ನಡುವೆ ನುಗ್ಗಿದರೆ ತಾಯಿ ವಿಶ್ರಾಂತಿ ಬಿಟ್ಟು ಮರಿಯನ್ನು ಕರೆದುಕೊಂಡು ಓಡುತ್ತಾಳೆ. ಮರಿ ಹಾಕುವ ಬೆಚ್ಚಗಿನ ಕಡಲಲ್ಲಿ ತಾಯಿ ಹಂಪ್‌ಬ್ಯಾಕ್‌ಗೆ ಮೇವು ಇಲ್ಲವೆನ್ನುವಷ್ಟು ಕಡಿಮೆ. ಮೈಯ ಕೊಬ್ಬನ್ನು ಕರಗಿಸಿಯೇ ಅವಳು ಹಾಲೂಡುವುದು. ಆ ಓಟ ಅವಳಿಗೆ ಬಹಳ ದುಬಾರಿ.

ಒಳ್ಳೆಯ ಕ್ಯಾಪ್ಟನ್ ಬದಿಯಿಂದ ಬಂದು, ತಿಮಿಂಗಿಲಕ್ಕೆ ಸಮಾನಾಂತರವಾಗಿ, ಅದಕ್ಕಿಂತ ವೇಗವಾಗದಂತೆ ಸಾಗುತ್ತಾರೆ. ಅದರ ದಾರಿಯಲ್ಲಿ ಮುಂದೆ ಹೋಗಿ ಅಡ್ಡ ನಿಲ್ಲುವುದು, ಅದು ಎದ್ದಲ್ಲೆಲ್ಲ ಧಾವಿಸುವುದು ಕೆಟ್ಟ ಚಾಲನೆ. ಉಸಿರಿನ ಸಂಖ್ಯೆ ಕಡಿಮೆಯಾಗಿ ಮುಳುಗು ಉದ್ದವಾಗುತ್ತ ಹೋದರೆ, ಪದೇಪದೇ ದಿಕ್ಕು ಬದಲಿಸಿದರೆ, ಅದಕ್ಕೆ ನಾವು ಬೇಡವಾಗಿದ್ದೇವೆ. ಆಗ ‘ವಾಪಸ್ ಹೋಗೋಣ’ ಎಂದು ಪ್ರಯಾಣಿಕರೇ ಹೇಳಬಹುದು, ಹೇಳಬೇಕು. ತಾನಾಗಿಯೇ ತಿಮಿಂಗಿಲ ದೋಣಿಯ ಬಳಿ ಬಂದರೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಅದು ದೂರ ಸರಿಯುವವರೆಗೆ ಕಾಯುವುದೊಂದೇ ದಾರಿ.

ಫೋಟೊಗೆ ಶಟರ್ ವೇಗ ಕನಿಷ್ಠ 1/1000 ಸೆಕೆಂಡ್, ಜಿಗಿತಕ್ಕೆ 1/2000. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ, ಫೋಕಸ್ ನಿರಂತರ. 100-400 ಮಿ.ಮೀ.ನಂಥ ಜೂಮ್ ಲೆನ್ಸ್ ಅನುಕೂಲ. ಲೆನ್ಸ್ ಮೇಲೆ ಬಿದ್ದ ಉಪ್ಪುನೀರು ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮೊದಲು ಕರಗಿಸಿ ತೆಗೆಯಿರಿ. ಒಮ್ಮೆ ಜಿಗಿದ ತಿಮಿಂಗಿಲ ಮತ್ತೆ ಜಿಗಿಯುವುದುಂಟು, ಆದ್ದರಿಂದ ಕ್ಯಾಮೆರಾ ಇಳಿಸದೆ ಅದೇ ದಿಕ್ಕಿನಲ್ಲಿ ಹಿಡಿದಿರಿ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಫೋಟೊ ಮಾತ್ರ ಜಿಗಿತದ್ದಲ್ಲ, ಹಂಪ್‌ಬ್ಯಾಕ್‌ನ ಬಾಲದ ಕೆಳಮೈಯದ್ದು. ಅಲ್ಲಿನ ಕಪ್ಪು ಬಿಳುಪಿನ ಚಿತ್ತಾರ, ಹಿಂದಿನ ಅಂಚಿನ ಕಚ್ಚುಗಳು ಒಂದರಂತೆ ಇನ್ನೊಂದಿಲ್ಲ. ಹ್ಯಾಪಿವೇಲ್ ಎಂಬ ಜಾಲತಾಣಕ್ಕೆ ಅಂಥ ಫೋಟೊವನ್ನು ದಿನಾಂಕ, ಜಾಗದ ಸಮೇತ ಕಳಿಸಿದರೆ ಹಳೆಯ ಫೋಟೊಗಳ ಜೊತೆ ಹೋಲಿಸಿ ಅದು ಯಾವ ತಿಮಿಂಗಿಲ, ಮೊದಲು ಎಲ್ಲೆಲ್ಲಿ ಕಂಡಿತ್ತು ಎಂದು ತಿಳಿಸುತ್ತಾರೆ. ಇದಕ್ಕೆ ದೋಣಿ ತಿಮಿಂಗಿಲದ ಹಿಂದಿರಬೇಕು, ಬಾಲ ಪೂರ್ತಿ ಎದ್ದಿರಬೇಕು, ಕ್ಯಾಮೆರಾದ ಗಡಿಯಾರ ಸ್ಥಳೀಯ ಸಮಯಕ್ಕೆ ಹೊಂದಿಸಿರಬೇಕು. ಚಿತ್ರ ಸ್ವಲ್ಪ ಮಂದವಾಗಿದ್ದರೂ ಅಂಚಿನ ಕಚ್ಚುಗಳು ಗುರುತು ಸಿಗುವಂತಿದ್ದರೆ ಅಳಿಸದೆ ಅದನ್ನೂ ಕಳಿಸಿ.