ಹೋಗ್ತಾ 397, ಬರ್ತಾ 400: ಅಳತೆ ಚಕ್ರದ ಗೋಳು, ಭಾಗ 4

ಸಿಕ್ಕಿಬಿದ್ದ ಕಣ್ರೀ ಕೊನೆಗೂ. ಒಂದೇ ದಾರಿಗೆ ಹೋಗ್ತಾ ಒಂದು ಲೆಕ್ಕ, ಬರ್ತಾ ಇನ್ನೊಂದು ಲೆಕ್ಕ ತೋರಿಸಿ ಎರಡು ತಿಂಗಳಿಂದ ತಲೆ ತಿಂತಿದ್ದ ಕಳ್ಳ ಎಲ್ಲೂ ಹೋಗಿರ್ಲಿಲ್ಲ, ನನ್ನ ಅಳತೆ ಚಕ್ರದ ಕಬ್ಬಿಣದ ಪಟ್ಟಿ ಮೇಲೇ ಕೂತಿದ್ದ, ನಾನೇ ದಿನಾ ಅವನನ್ನ ಉರುಳಿಸ್ಕೊಂಡು ಓಡಾಡ್ತಿದ್ದೆ.

ಚಕ್ರದ ನಡುವಿನ ಗುಂಬ ಕಡೆಸಿದ್ದು, ಅದಕ್ಕೆ ಅರೆ (ಕಡ್ಡಿ) ಕೂರಿಸಿದ್ದು, ಹಿಡಿಕೆ ಮಾಡಿದ್ದು ಎಲ್ಲಾ ಹಿಂದಿನ ಭಾಗಗಳಲ್ಲಿ ಇದೆ, ಮತ್ತೆ ಕೊರೆಯಲ್ಲ. ಹೊಸಬರಿಗೆ ಇಷ್ಟೇ: ಇದು ಪೆರಾಂಬ್ಯುಲೇಟರ್, ಹಳೇ ಕಾಲದ ಸರ್ವೇಯವರು ದಾರಿ ಅಳೀತಿದ್ದ ಒಂಟಿ ಚಕ್ರ, ಮಗು ಕೂರಿಸೋ ಗಾಡಿ ಅಲ್ಲ (ಈ ಹೆಸರು ಹಾಕಿ ಒಂದ್ಸಲ ಹುಡುಕಿದ್ದಕ್ಕೆ ಫೋನಲ್ಲಿ ಇವತ್ತಿಗೂ ಡೈಪರ್ ಜಾಹೀರಾತು ಬರ್ತಿದೆ, ಮನೆಯವ್ಳು ಒಂಥರಾ ನೋಡ್ತಾಳೆ). ಸುತ್ತಳತೆ 8 ಅಡಿ 3 ಇಂಚು, 640 ಸುತ್ತಿಗೆ ಕರೆಕ್ಟಾಗಿ ಒಂದು ಮೈಲಿ. ನಮ್ಮ ಲೆಕ್ಕಕ್ಕೆ 251.46 ಸೆಂ.ಮೀ., ಕಿಲೋಮೀಟರಿಗೆ 397 ಮುಕ್ಕಾಲಿಗೆ ಒಂಚೂರು ಕಮ್ಮಿ.

ಇದೆಲ್ಲ ಶುರುವಾಗಿದ್ದು ಫ್ರಾನ್ಸಿಸ್ ಬುಕಾನನ್ ಇಂದ, ಈಸ್ಟ್ ಇಂಡಿಯಾ ಕಂಪನಿಯವನು. ಟಿಪ್ಪು ಸತ್ತ ಮಾರನೇ ವರ್ಷ, 1800ರ ಏಪ್ರಿಲ್‌ನಲ್ಲಿ ಮದ್ರಾಸಿಂದ ಹೊರಟು ಮೈಸೂರು ಸೀಮೆ, ಮಲಬಾರು, ಕೆನರಾ ಎಲ್ಲಾ ಸುತ್ತಿ 1807ರಲ್ಲಿ ಮೂರು ದಪ್ಪ ಸಂಪುಟ ಹಾಕ್ದ ಡಾಕ್ಟರು. 1801ರಲ್ಲಿ ವಾಪಸ್ ಬರೋವಾಗ ನಮ್ಮ ಹಳೇಬೀಡು ಬೇಲೂರು ಕಡೇನೇ ಹಾದುಹೋಗಿದಾನೆ. ಯಾವ ಮಣ್ಣು, ಯಾವ ಬೆಳೆ, ನೇಗಿಲು ಹೇಗಿದೆ, ಕೂಲಿ ಎಷ್ಟು ಅಂತ ಕೂತು ಕೂತು ಕೇಳಿ ಬರೀತಾನೆ, ಓದ್ತಿದ್ರೆ ಪಕ್ಕದ ಮನೆ ಜಗಲಿ ಮೇಲೆ ಕೂತಂಗೆ ಆಗತ್ತೆ, ಆದ್ರೆ ದೂರದ ವಿಷಯ ಬಂತೋ ಕೆಟ್ತು, ಇಷ್ಟು ಕೋಸು (ದಾರಿ ಅಳೆಯೋ ಹಳೇ ಲೆಕ್ಕ) ನಡೆದೆ ಅಂತಾನೆ. ಆ ಕೋಸಿಗೋ ಸೀಮೆಗೊಂದು ಅಳತೆ, ಅದರ ಮೇಲೆ ಸುಲ್ತಾನಿ ಕೋಸು ಅಂತ ಇನ್ನೊಂದು. ನಮ್ಮಜ್ಜಿ ಹರದಾರಿ ಲೆಕ್ಕ ಹೇಳ್ತಿದ್ಲಲ್ಲ, ಅದೇ ಕಥೆ. ಮಲೆನಾಡ ಕಡೆಯಂತೂ ಕೇಳ್ಲೇಬೇಡಿ, ಇಲ್ಲೇ ಒಂದ್ ಕೂಗಳತೆ ಅಂತ ಹೇಳಿ ನಾಲ್ಕು ಕಿಲೋಮೀಟರ್ ನಡೆಸ್ತಾರೆ. ಸರಿ, ಅದೇ ವರ್ಷಗಳಲ್ಲಿ ಕಾಲಿನ್ ಮೆಕೆಂಜಿ ಕಡೆಯವರು ಮೈಸೂರು ಸರ್ವೇ ಮಾಡ್ತಿದ್ರು, ಅವರ ಕಾಲದ ಅಳತೆ ಸಾಮಾನು ಒಂದನ್ನ ನಾನೇ ಮಾಡಿ ಬುಕಾನನ್ ನಡೆದ ಊರಿಂದೂರಿಗೆ ಉರುಳಿಸಿದ್ರೆ ಒಂದು ಕೋಸು ಎಷ್ಟು ಅಂತ ಅಂದಾಜಾದ್ರೂ ಸಿಗತ್ತಲ್ಲ ಅನ್ನೋದು ಆಸೆ. ದಾರಿ ಅವತ್ತಿಂದೇ ಅಲ್ಲ, ಗೊತ್ತು, ಕಾಮೆಂಟಲ್ಲಿ ಬೈಬೇಡಿ.

ಮಧ್ಯೆ ಬೇರಿಂಗ್ ಪುರಾಣ. ಆನ್‌ಲೈನ್ ಅಂಗಡಿಯೊಂದರಲ್ಲಿ ಆರ್ಡರ್ ಮಾಡಿದ್ದು 20 ಮಿ.ಮೀ. ಒಳಗಂಡಿದು, ಬಂದಿದ್ದು 25, ವಾಪಸ್ ಕಳ್ಸಿದ್ರೆ ಮತ್ತೆ 25. ಮೂರನೇ ಪಾರ್ಸಲ್ ಬೇರೆ ಯಾವ್ದೋ ಊರಿಗೆ ಹೋಗಿ ಕೂತಿತ್ತು. ಆಗ ಅದೇ ಕಾಲದ ಇನ್ನೊಬ್ಬ ಸರ್ವೇಯವನು ಲ್ಯಾಂಬ್ಟನ್‌ನ ನೆನೆಸ್ಕೊಂಡು ಸಮಾಧಾನ ಮಾಡ್ಕೊಂಡೆ. ಅವನ ಅರ್ಧ ಟನ್ ತೂಕದ ಥಿಯೋಡೊಲೈಟ್ (ಕೋನ ಅಳೆಯೋ ಯಂತ್ರ) ಇಂಗ್ಲೆಂಡಿಂದ ಹಡಗಲ್ಲಿ ಬರ್ತಿದ್ದಾಗ ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದಿದ್ರು, ಆಮೇಲೆ ಪಾಪ ಅಂತ ಅಲ್ಲಿನ ಗವರ್ನರ್ರೇ ಕಳಿಸ್ಕೊಟ್ಟ. ನನ್ನ ಅಂಗಡಿಯವರು ಆ ಗವರ್ನರ್‌ನಷ್ಟು ಒಳ್ಳೆಯವರಲ್ಲ, ದುಡ್ಡೂ ಇನ್ನೂ ವಾಪಸ್ ಬಂದಿಲ್ಲ. ಕೊನೆಗೆ ಸ್ಕೂಟರ್ ಗ್ಯಾರೇಜಲ್ಲಿ ಹಳೇದೊಂದು ಸಿಕ್ತು.

ಈಗ ಅಸಲಿ ಗೋಳು. ಹಳೇಬೀಡು ರಸ್ತೇಲಿ ಹಾಸನ ದಾಟಿದ ಮೇಲೆ ಒಂದು ನೆಟ್ಟಗಿನ, ಏರಿಳಿತ ಇಲ್ಲದ ಜಾಗ ನೋಡಿ, ನಾನೂ ನನ್ನ ಬಾಮೈದನೂ ಬೆಳಗ್ಗೆ ಆರಕ್ಕೇ ಹೋಗಿ 30 ಮೀಟರ್ ಸ್ಟೀಲ್ ಟೇಪಲ್ಲಿ 33 ಸಲ ಪ್ಲಸ್ 10 ಮೀಟರ್ ಹಿಡಿದು, ರಸ್ತೆಯ ಎಡ ಅಂಚಲ್ಲಿ ಸುಣ್ಣದ ಗುರುತು ಹಾಕಿ ಒಂದು ಕಿಲೋಮೀಟರ್ ರೆಡಿ ಮಾಡಿದ್ವಿ. ಚಕ್ರ ಉರುಳಿಸ್ದೆ. ಹೋಗ್ತಾ 397 ಸುತ್ತು. ಆಹಾ ಅನ್ಕೊಂಡೆ. ಅದೇ ಗೆರೆ ಮೇಲೆ ವಾಪಸ್ ಬಂದ್ರೆ 400 ಮೇಲರ್ಧ. ಮತ್ತೆ ಹೋದೆ, 397. ಬಂದೆ, 400 ಮೇಲರ್ಧ. ತಪ್ಪಿದ್ರೆ ಎರಡೂ ಕಡೆ ತಪ್ಪಬೇಕು ತಾನೆ, ಇದು ನಿಯತ್ತಾಗಿ ಬರೋವಾಗ ಮಾತ್ರ ತಪ್ಪತ್ತೆ! ಕಿಲೋಮೀಟರಿಗೆ ಸುಮಾರು 9 ಮೀಟರ್ ವ್ಯತ್ಯಾಸ, ಹಳೇಬೀಡು-ಬೇಲೂರು 16 ಕಿಲೋಮೀಟರಿಗೆ ಹೆಚ್ಚುಕಮ್ಮಿ 150 ಮೀಟರ್.

ಮೊದಲು ಸುತ್ತು ಎಣಿಸೋ ಕೌಂಟರ್ ಮೇಲೆ ಅನುಮಾನ. ಬಿಚ್ಚಿ ಕೈಯಲ್ಲೇ ಸಾವಿರ ಸಲ ತಿರುಗಿಸ್ದೆ, ಸಾವಿರಾನೇ ತೋರಿಸ್ತು. ಆಮೇಲೆ ನನ್ನ ನಡಿಗೆ ಮೇಲೆ. ಬಾಮೈದನ ಕೈಲಿ ಉರುಳಿಸಿದೆ, ಅವನದೂ ಅಷ್ಟೇ. ಬಿಸಿಲಿಗೆ ಕಬ್ಬಿಣ ಹಿಗ್ಗತ್ತೆ ಅಂತ ಒಬ್ಬರು ಬರೆದಿದ್ರು, ಲೆಕ್ಕ ಹಾಕ್ದೆ: 20 ಡಿಗ್ರಿ ಏರಿದ್ರೂ ಸುತ್ತಳತೆ ಹೆಚ್ಚೋದು ಅರ್ಧ ಮಿಲಿಮೀಟರ್ ಚಿಲ್ಲರೆ, ಕಿಲೋಮೀಟರಿಗೆ ಒಂದು ಗೇಣಷ್ಟು. ಲ್ಯಾಂಬ್ಟನ್ 1802ರಲ್ಲಿ ಮದ್ರಾಸ್ ಹತ್ರ ಏಳೂವರೆ ಮೈಲಿ ಬೇಸ್‌ಲೈನನ್ನ (ಸರ್ವೇಗೆ ಆಧಾರವಾಗೋ ನೆಟ್ಟಗಿನ ಗೆರೆ) 100 ಅಡಿ ಉಕ್ಕಿನ ಸರಪಣೀಲಿ ಅಳೆದಾಗ ಥರ್ಮಾಮೀಟರ್ ಇಟ್ಕೊಂಡು ಅಳೆದ, ಅವನಿಗೆ ಆ ಗೇಣೂ ಮುಖ್ಯ. ನನಗೆ ಕಾಣೆಯಾಗಿರೋದು 9 ಮೀಟರ್ ಸ್ವಾಮಿ!

ಐದನೇ ಭಾನುವಾರ ಉರುಳಿಸ್ತಿದ್ದಾಗ ಶುಂಠಿ ಹೊಲದಿಂದ ಒಬ್ರು ಯಜಮಾನ್ರು ಬದು ಹತ್ತಿ ಬಂದ್ರು. "ಏನ್ ಸ್ವಾಮಿ, ರೋಡ್ ಅಗಲ ಮಾಡ್ತಾರಾ? ನಮ್ದೆಷ್ಟ್ ಹೋಯ್ತದೆ?" ಇಲ್ಲ ಯಜಮಾನ್ರೇ, ಇದು ಇನ್ನೂರು ವರ್ಷದ ಹಿಂದಿನ ಅಳತೆ ಅಂದೆ. "ಇನ್ನೂರು ವರ್ಷದಿಂದ ಅಳೀತಾನೇ ಅವ್ರಾ, ಇನ್ನೂ ಮುಗಿದಿಲ್ವಾ?" ಅಂದ್ರು. ಸುಮಾರು ಹೊತ್ತು ನಂಬಲೇ ಇಲ್ಲ, ತೆಂಗಿನ ಮರ ಎಣಿಸ್ಕೊಂಡು ಹೋಗಿ ಅಂದ್ರು. ಮೆಕೆಂಜಿಯ ಚಕ್ರ ಊರೊಳಗೆ ಬಂದಾಗ್ಲೂ ಕಂದಾಯ ಏರಿಸೋಕೇ ಬಂದ್ರು ಅಂತ ಜನ ಹೀಗೇ ನೋಡಿರ್ತಾರೆ ಬಿಡಿ.

ಅವತ್ತು ಎಷ್ಟು ಬೇಜಾರಾಯ್ತು ಅಂದ್ರೆ ಚಕ್ರಾನ ಕೊಟ್ಟಿಗೇಲಿ ಒಗೆದು ಮುಂದಿನ ಪ್ರಾಜೆಕ್ಟಿಗೇ ಹಾರಿಬಿಟ್ಟೆ: ಮುಳ್ಳಯ್ಯನಗಿರಿ ಮೇಲೆ ನೀರು ಕುದಿಸೋದು. ನಗ್ಬೇಡಿ. ಹಳೇ ಪ್ರವಾಸಿಗಳು ಬೆಟ್ಟದ ಎತ್ತರ ಕಂಡುಹಿಡೀತಿದ್ದ ಒಂದು ದಾರಿ ಅದು, ಮೇಲೆ ಹೋದಷ್ಟೂ ಗಾಳಿ ಒತ್ತಡ ಕಮ್ಮಿ, ನೀರು ಕಮ್ಮಿ ಬಿಸೀಲೇ ಕುದಿಯತ್ತೆ, ಹತ್ತತ್ರ 300 ಮೀಟರಿಗೆ ಒಂದು ಡಿಗ್ರಿ. 1,900 ಮೀಟರ್ ದಾಟಿದ ಬೆಟ್ಟ, 94 ಡಿಗ್ರಿ ಒಳಗೇ ಕುದೀಬೇಕು. ತೊಂದರೆ ಏನಂದ್ರೆ ಥರ್ಮಾಮೀಟರ್ ಒಂದು ಡಿಗ್ರಿಯ ಹತ್ತರಲ್ಲೊಂದು ಭಾಗ ತಪ್ಪಿದ್ರೂ ಎತ್ತರ 30 ಮೀಟರ್ ತಪ್ಪತ್ತೆ. ಅಷ್ಟು ನಿಖರದ್ದು ಬೇಕು ಅಂತ ಅಂಗಡಿಯಲ್ಲಿ ಕೇಳಿದ್ರೆ ಜ್ವರದ ಥರ್ಮಾಮೀಟರ್ ತೆಗೆದಿಟ್ರು. ಮೇಲೆ ಸ್ಟೌ ಹಚ್ಚೋಕೆ ಅನುಮತಿ ಬೇರೆ ಕೇಳ್ಬೇಕು. ಇದರ ಬಗ್ಗೆ ಮುಂದೆ.

ಮೂರು ವಾರ ಬಿಟ್ಟು ಚಕ್ರ ತೆಗೆದ್ರೆ ಪಟ್ಟಿಗೆ ತುಕ್ಕು. ಸೀಮೆಎಣ್ಣೆ ಬಟ್ಟೆ ಹಾಕಿ ಉಜ್ಜಿದಾಗ ಕಂಡಿದ್ದು: ಒಂದೂವರೆ ಇಂಚು ಅಗಲದ ಪಟ್ಟೀಲಿ ಬಲ ಅಂಚಲ್ಲಿ ಒಂದು ಬೆಳ್ಳಿ ಗೆರೆ, ಎಡ ಅಂಚಲ್ಲಿ ಇನ್ನೊಂದು. ನಡುವೆ ಕುಲುಮೆಯಿಂದ ಬಂದ ಕಪ್ಪು ಹಾಗ್ಹಾಗೇ ಇದೆ! ಅಂದ್ರೆ ಚಕ್ರದ ನಡುಭಾಗ ರಸ್ತೆ ಮುಟ್ಟೇ ಇಲ್ಲ. ಮಳೆನೀರು ಹರೀಲಿ ಅಂತ ಟಾರ್ ರೋಡು ಮಧ್ಯ ಉಬ್ಬಿ ಅಂಚಿಗೆ ಇಳಿಜಾರಾಗಿರತ್ತಲ್ಲ, ಹೋಗೋವಾಗ ಚಕ್ರದ ಬಲ ಅಂಚು ಮಾತ್ರ ನೆಲ ಮುಟ್ಟತ್ತೆ, ಅದೇ ಗೆರೆಯಲ್ಲಿ ತಿರುಗಿ ಬಂದ್ರೆ ಎಡ ಅಂಚು. ಓಡಿಹೋಗಿ ದಾರ ತಂದೆ. ಬಲ ಅಂಚಿನ ಸುತ್ತಳತೆ 251.9 ಸೆಂ.ಮೀ. ಎಡ ಅಂಚಿಂದು 249.6. ನನ್ನ ಚಕ್ರ ಚಕ್ರ ಅಲ್ಲ, ತಳ ತೆಗೆದ ಲೋಟ! ಎಡಗಡೆ ಕೌಂಟರ್ ಅಡ್ಡ ಇತ್ತು ಅಂತ ನಾನು ಅಳೆದಿದ್ದು ಬರೀ ಬಲಗಡೆ, ಅದೂ ಹೆಮ್ಮೆಯಿಂದ.

ಚಕ್ರ ಹೊತ್ಕೊಂಡು ಕುಲುಮೆ ಆಚಾರ್ರ ಹತ್ರ ಹೋದೆ. ಅವರು ಒಂದು ಕಣ್ಣು ಮುಚ್ಚಿ ನೋಡಿ, "ಕೆಂಪಗಿದ್ದಾಗ ಒಂದ್ ಅಂಚಿಗೆ ಏಟು ಜಾಸ್ತಿ ಬಿದ್ರೆ ಆ ಕಡೆ ಹಿಗ್ತದೆ ಸಾರ್, ಗಾಡಿಗೆ ಹಾಕಿದ್ರೆ ಎತ್ತೇನ್ ಕಂಪ್ಲೇಂಟ್ ಕೊಡ್ತಿತ್ತಾ?" ಅಂದ್ರು. ಉತ್ತರ ಹೊಳೀಲಿಲ್ಲ. ಪಟ್ಟಿ ಬಿಚ್ಚಿ ಮತ್ತೆ ಕಾಯಿಸಿದ್ರೆ ಅರೆ ಸಡಿಲ ಆಗತ್ತೆ ಅಂತ ಅವರೇ ಬೇಡ ಅಂದ್ರು, ಗ್ರೈಂಡರಲ್ಲಿ ಎರಡೂ ಅಂಚು ಇಳಿಸಿ ನಡುವೆ ಸಣ್ಣ ಉಬ್ಬು ಬಿಡೋಣ, ರಸ್ತೆ ಯಾವ ಕಡೆ ವಾಲಿದ್ರೂ ಉಬ್ಬೇ ಉರುಳ್ತದೆ ಅಂತ. 150 ರೂಪಾಯಿ, ಒಂದು ಟೀ, ಮುಕ್ಕಾಲು ಗಂಟೆ.

ಈಗ ನಡುವಿನ ಸುತ್ತಳತೆ 250.75. 8 ಅಡಿ 3 ಇಂಚಿನ ಹಠ ಬಿಟ್ಟೆ, 640ರ ಚಂದದ ಲೆಕ್ಕ ಹೋಯ್ತು, ಹೊಟ್ಟೆ ಉರಿಯತ್ತೆ, ಆದ್ರೂ ಸಂಖ್ಯೆ ಗೊತ್ತಿದ್ರೆ ಭಾಗಿಸ್ಕೊಬೋದು. ಮೊನ್ನೆ ಅದೇ ಸುಣ್ಣದ ಗುರುತಿಂದ ಗುರುತಿಗೆ: ಹೋಗ್ತಾ 398 ಮುಕ್ಕಾಲು, ಬರ್ತಾ 399. ಕಾಲು ಸುತ್ತಿನ ವ್ಯತ್ಯಾಸ, 60 ಸೆಂ.ಮೀ. ರಸ್ತೇಲೇ ಕುಣಿದೆ, ಒಂದು ಬಸ್ಸಿನವನು ಹಾರ್ನ್ ಹೊಡ್ಕೊಂಡು ಹೋದ.

ಇಷ್ಟು ದಿನ ಹಳೇ ಪುಸ್ತಕದಲ್ಲಿ ದೂರ ತಾಳೆ ಆಗದಿದ್ರೆ ಬರೆದವನಿಗೇ ಬೈತಿದ್ದೆ. ಈಗ ಅವನ ಚಕ್ರದ ಪಟ್ಟಿ ಬಡಿದವರು ಯಾರು ಅಂತ ಮೊದಲು ಕೇಳ್ಬೇಕು ಅನ್ಸತ್ತೆ.

ಮುಂದಿನ ಶನಿವಾರ ಹಳೇಬೀಡು ಕೆರೆ ಏರಿಯಿಂದ ಬೇಲೂರಿಗೆ. ಅಂದಾಜು 6,380 ಸುತ್ತು. ಬೇಲೂರಲ್ಲಿ ಮಸಾಲೆ ದೋಸೆ ಕೊಡಿಸಿದ್ರೆ ಮಾತ್ರ ಬರ್ತೀನಿ ಅಂತ ಬಾಮೈದ ಕಂಡೀಷನ್ ಹಾಕಿದಾನೆ, ಎರಡು ಅಂತ ಒಪ್ಕೊಂಡಿದೀನಿ. ಬರೋರು ಟೋಪಿ ತನ್ನಿ, ಸುಣ್ಣ ನಾನು ತರ್ತೀನಿ, ಯಾರಾದ್ರೂ ರೋಡ್ ಅಗಲ ಮಾಡ್ತಾರಾ ಅಂತ ಕೇಳಿದ್ರೆ ಉತ್ತರ ಹೇಳೋದು ನಿಮ್ಮ ಪಾಲು.