ಕೆಳಗಿದ್ರೆ ಆನ್, ಮೇಲಿದ್ರೆ ಆಫ್

ಮೈಸೂರಿನ ಮನೆಗೆ ನಾನು ಮೊದಲು ತಂದದ್ದು ಮೂರು ಸ್ಮಾರ್ಟ್ ಬಲ್ಬು. ಅಮ್ಮನಿಗೆ ಮಂಡಿನೋವು. ರಾತ್ರಿ ಬಚ್ಚಲಿಗೆ ಹೋಗಲು ಎದ್ದರೆ ಪ್ಯಾಸೇಜಿನ ಆ ತುದಿಯ ಸ್ವಿಚ್ಚಿನ ತನಕ ಗೋಡೆ ತಡವಿಕೊಂಡೇ ಹೋಗಬೇಕು. ನಾನಿರುವುದು ಬೆಂಗಳೂರಿನಲ್ಲಿ. ಎಲ್ಲ ಫೋನಿನಲ್ಲೇ ಮಾಡಿಬಿಡ್ತೀನಿ ಅಂತ ಹುಮ್ಮಸ್ಸು ನನಗೆ.

ಅಮ್ಮ ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಒಂದು ಸುತ್ತು ಆರಿಸಿಕೊಂಡು ಬರುತ್ತಾರೆ. ಸ್ವಿಚ್ಚೇ ಆರಿಸಿದ ಮೇಲೆ ಬಲ್ಬು ಎಷ್ಟು ಜಾಣ ಆಗಿದ್ದರೇನು, ಅದಕ್ಕೆ ಕರೆಂಟೇ ಇಲ್ಲ. ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ ಬಂದೆ. ಆಗ ಇನ್ವರ್ಟರಿನ ಹಳೇ ಬ್ಯಾಟರಿ ಬೇರೆ ಕೂತುಹೋಗಿತ್ತು. ಒಂದು ರಾತ್ರಿ ಕರೆಂಟ್ ಹೋಗಿ ಎರಡು ಗಂಟೆಗೆ ವಾಪಸ್ ಬಂತಂತೆ. ಬಂದದ್ದೇ ತಡ, ಮೂರೂ ಬಲ್ಬು ಒಟ್ಟಿಗೆ ಝಗ್ ಅಂತ ಹತ್ತಿಕೊಂಡವು. ಕರೆಂಟ್ ಬಂದಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗನ್ನು ನಾನು ನೋಡಿಯೇ ಇರಲಿಲ್ಲ. "ಯಾರೋ ಒಳಗೆ ಬಂದು ಲೈಟ್ ಹಾಕಿದ್ರು ಅಂದ್ಕೊಂಡೆ ಕಣೇ," ಅಂದರು ಅಮ್ಮ ಬೆಳಿಗ್ಗೆ ಫೋನಿನಲ್ಲಿ. ಬಲ್ಬುಗಳ ಕತೆ ಅಲ್ಲಿಗೆ ಮುಗಿಯಿತು.

ಮುಂದಿನ ಸಲ ಹೋಗುವಾಗ ಬ್ಯಾಗಿನಲ್ಲಿ ನಾಲ್ಕು ರಿಲೇ ಇದ್ದವು. ಫೋನಿನಿಂದ ಹೇಳಿದರೆ ಲೈಟು ಹತ್ತಿಸಿ ಆರಿಸುವ, ಬೆಂಕಿಪೊಟ್ಟಣದಷ್ಟಿರುವ ಡಬ್ಬಿಗಳು. ಸ್ವಿಚ್ಚಿನ ಹಿಂದೆ ಬೋರ್ಡಿನೊಳಗೆ ಕೂರುತ್ತವೆ. ಬಲ್ಬು ಹಳೆಯದೇ, ಸ್ವಿಚ್ಚೂ ಹಳೆಯದೇ. ಆದರೆ ಈ ರಿಲೇಗೆ ಕರೆಂಟ್ ತರುವ ಫೇಸ್ ವೈರಿನ ಜೊತೆ, ಅದು ವಾಪಸ್ ಹೋಗುವ ನ್ಯೂಟ್ರಲ್ ವೈರೂ ಬೇಕು. ಬರೀ ಸ್ವಿಚ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಇರುವುದಿಲ್ಲ. ನಮ್ಮಲ್ಲಿ ಬೋರ್ಡಿಗೊಂದು ಪ್ಲಗ್ ಪಾಯಿಂಟ್ ಇಡುವ ಪದ್ಧತಿ ಇದೆ, ಅದಕ್ಕೆ ನ್ಯೂಟ್ರಲ್ ಬಂದೇ ಇರುತ್ತದೆ, ಬಚಾವ್.

ಶನಿವಾರ ಬೆಳಿಗ್ಗೆ ಮೇನ್ ಆಫ್ ಮಾಡಿ, ಪ್ಯಾಸೇಜಿನ ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಹಳೇ ಹೈಲಂ ಶೀಟು, ಪಿಯಾನೋ ಸ್ವಿಚ್ಚುಗಳು. ಒಳಗೆ ಜೇಡರ ಬಲೆ, ಸತ್ತ ಇರುವೆಗಳು, ಒಂದು ಹಿಡಿ ವೈರು. ಎಲ್ಲವೂ ಕೆಂಪು! ಯಾವುದು ಫೇಸ್, ಯಾವುದು ನ್ಯೂಟ್ರಲ್, ನೋಡಿ ಹೇಳುವಂತಿಲ್ಲ. ಕೈ ಹಾಕುವ ಮುಂಚೆ ಸುಮ್ನೆ ಒಂದು ಸಲ ಟೆಸ್ಟರ್ ಇಟ್ಟೆ. ಹತ್ತಿತು. ಮೇನ್ ಆಫ್ ಆಗಿದೆ, ಟೆಸ್ಟರ್ ಉರಿಯುತ್ತಿದೆ. ಒಂದು ಕ್ಷಣ ಏನೂ ತೋಚಲಿಲ್ಲ.

ಇನ್ವರ್ಟರ್! ಮೇನ್ ಹೋದ ತಕ್ಷಣ ಅದು ತನ್ನ ಕೆಲಸ ಶುರು ಮಾಡಿದೆ. ಅಮ್ಮ ಆ ತಿಂಗಳಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದರು. ಲೈಟುಗಳ ವೈರಿನಲ್ಲಿ 230 ವೋಲ್ಟ್ ಹಾಗೇ ಇತ್ತು. ಕೈ ನಡುಗಿತು. ಬೋರ್ಡ್ ಹಾಗೇ ಬಿಟ್ಟು ನಮ್ಮ ಬೀದಿಯ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

ಅವರು ಬಂದು ರಿಲೇಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಇಷ್ಟೇನಾ ಮೇಡಂ?" ಇನ್ವರ್ಟರ್ ಆರಿಸಿ, ಅದರ ಔಟ್‌ಪುಟ್ ಪ್ಲಗ್ಗನ್ನೂ ಕಿತ್ತು, ಮತ್ತೆ ಟೆಸ್ಟರ್ ಇಟ್ಟರು. ಆಮೇಲೇ ಕೆಲಸ. ಫೇಸನ್ನು ಪ್ಲಗ್ ಪಾಯಿಂಟಿನಿಂದ ತಗೊಳ್ಳಿ, ಅದೇ ಹತ್ತಿರ ಇದೆ ಅಂದೆ. ಅವರು ನಕ್ಕರು. "ಪ್ಲಗ್ಗು ಇನ್ವರ್ಟರ್ ಲೈನ್ ಅಲ್ಲ ಮೇಡಂ. ಕರೆಂಟ್ ಹೋದ್ರೆ ಮನೆಯೆಲ್ಲ ಬೆಳಕು, ಅಮ್ಮಾವ್ರ ಪ್ಯಾಸೇಜ್ ಒಂದೇ ಕತ್ತಲೆ." ಯೂಟ್ಯೂಬಿನಲ್ಲಿ ಅಷ್ಟೊಂದು ವಿಡಿಯೋ ನೋಡಿದ್ದೆ. ಹೆಚ್ಚಿನವು ಹೊರದೇಶದವು, ಅಲ್ಲಿ ಯಾರ ಮನೆಯಲ್ಲೂ ಇನ್ವರ್ಟರ್ ಕಾಣಲಿಲ್ಲ.

ಗೀಸರಿಗೂ ಒಂದು ಹಾಕಿಬಿಡಿ ಅಂದರು ಅಮ್ಮ. ಬೇಡ ಅಂದೆವು ಇಬ್ಬರೂ. 2000 ವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಈ ರಿಲೇ ತಡೆಯುವುದೇ 10.

ಮಧ್ಯಾಹ್ನ ಊಟ ಆದ ಮೇಲೆ ನನ್ನ ಕೆಲಸ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ, ಮನೆಯ ಇಂಥ ಸಾಧನಗಳನ್ನೆಲ್ಲ ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಹಾಕಿಕೊಂಡು ಬಂದಿದ್ದೆ. ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ. ಅದನ್ನೂ ರೂಟರನ್ನೂ ಇನ್ವರ್ಟರ್ ಲೈನಿಗೆ ಸೇರಿಸಿದೆ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಪ್ಯಾಸೇಜಿನಲ್ಲಿ ಯಾರಾದರೂ ಓಡಾಡಿದರೆ ಝೀರೋ ಬಲ್ಬು ಹತ್ತಬೇಕು, ಎರಡು ನಿಮಿಷ ಯಾರೂ ಇಲ್ಲದಿದ್ದರೆ ಆರಬೇಕು. ಸೆನ್ಸರನ್ನು ಮಂಡಿಯ ಎತ್ತರಕ್ಕೆ ಅಂಟಿಸಿದೆ.

ರಾತ್ರಿ ಅಮ್ಮ ಎದ್ದರು. ಬಲ್ಬು ಹತ್ತಿತು. ನಾನು ಹಾಸಿಗೆಯಲ್ಲೇ ಬೀಗಿದೆ. ಬೆಳಿಗ್ಗೆ ಕಾಫಿ ಕೊಡುತ್ತಾ ಅಮ್ಮ, "ಲೈಟೇನೋ ಚೆನ್ನಾಗಿದೆ. ಆದ್ರೆ ಸ್ವಿಚ್ ಕೆಟ್ಟಿದೆ," ಅಂದರು.

"ಏನಾಗಿದೆ?"

"ಸ್ವಿಚ್ ಮೇಲಿದೆ, ಲೈಟ್ ಉರೀತಿದೆ. ಕೆಳಗೆ ಒತ್ತಿದ್ರೆ ಆರುತ್ತೆ. ಕೆಳಗಿದ್ರೆ ಆನ್, ಮೇಲಿದ್ರೆ ಆಫ್ ಅಲ್ವೇನೇ?"

ಕೆಟ್ಟಿರಲಿಲ್ಲ. ಸ್ವಿಚ್ಚಿನ ಸ್ಥಾನ ಬದಲಾದಾಗಲೆಲ್ಲ ಲೈಟು ತನ್ನ ಸ್ಥಿತಿ ಬದಲಿಸಲಿ ಅಂತ ನಾನೇ ಇಟ್ಟಿದ್ದೆ. ಸೆನ್ಸರ್ ಹತ್ತಿಸಿದ ಮೇಲೆ ಮೇಲೆ-ಕೆಳಗೆ ಅನ್ನುವುದಕ್ಕೆ ಅರ್ಥವೇ ಇಲ್ಲ. ಇದನ್ನು ವಿವರಿಸಲು ಹೊರಟೆ. ಅಮ್ಮ ಕೇಳಿದರು, ತಲೆಯಾಡಿಸಿದರು, ಕೊನೆಗೆ "ಕತ್ತಲಲ್ಲಿ ಕೈಗೆ ಇದೆಲ್ಲ ಯಾರು ಹೇಳ್ತಾರೆ?" ಅಂದರು. ಸೆಟ್ಟಿಂಗ್ ಬದಲಿಸಿದೆ. ಈಗ ಕೆಳಗೆ ಒತ್ತಿದರೆ ಖಂಡಿತ ಹತ್ತುತ್ತದೆ, ಮೇಲೆ ಮಾಡಿದರೆ ಖಂಡಿತ ಆರುತ್ತದೆ. ಈಗಾಗಲೇ ಹತ್ತಿರುವ ಲೈಟನ್ನು ಆರಿಸಲು ಕೆಲವು ಸಲ ಎರಡು ಬಾರಿ ಒತ್ತಬೇಕು. ಅದಕ್ಕೆ ಅಮ್ಮನ ತಕರಾರಿಲ್ಲ.

ಗೇಟಿನ ಲೈಟಿಗೆ ಸೂರ್ಯಾಸ್ತದ ಲೆಕ್ಕ ಹಾಕಿದ್ದೇನೆ. ಮೈಸೂರಿನಲ್ಲಿ ನವೆಂಬರ್‌ಗೂ ಜುಲೈಗೂ ಹೆಚ್ಚುಕಡಿಮೆ ಒಂದು ಗಂಟೆ ವ್ಯತ್ಯಾಸ ಬರುತ್ತದೆ. ಗಡಿಯಾರಕ್ಕೆ ಕಟ್ಟಿಹಾಕಿದರೆ ಆಗಾಗ ತಿದ್ದುತ್ತಲೇ ಇರಬೇಕು. ಮಳೆಗಾಲದ ಒಂದು ಸಂಜೆ ಆಫೀಸಿನಲ್ಲಿ ಕೂತು ಫೋನ್ ನೋಡಿದರೆ, ಗೇಟಿನ ಲೈಟು ಐದೂವರೆಗೇ ಹತ್ತಿದೆ. ಏನೋ ಎಡವಟ್ಟಾಗಿದೆ ಅಂತ ಅಮ್ಮನಿಗೆ ಫೋನ್ ಮಾಡಿದೆ.

"ಇಲ್ಲಿ ಮೋಡ ಕವಿದು ಆಗಲೇ ಕತ್ತಲಾಗಿದೆ ಕಣೇ. ನಿನ್ನ ಕಂಪ್ಯೂಟರಿಗೆ ಅದು ಗೊತ್ತಾಗ್ಲಿಲ್ಲ. ನಾನೇ ಹಾಕಿದೆ."