ಬೈನೆ ಮರದ ಅಜ್ಜ

ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಒಂಬತ್ತು ಗಂಟೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ ನಮಗೆ ಸಮುದ್ರ ದಾಟಿದ್ದೇ ಗೊತ್ತಾಗಲಿಲ್ಲ. ಜೊತೆಗೆ ಕಾಲೇಜಿನ ಕಾಲದ ಒಬ್ಬ ಗೆಳೆಯ. ಇಬ್ಬರಿಗೂ ಬೆನ್ನಿಗೊಂದು ಚೀಲ, ಕೈಯಲ್ಲಿ ಹನ್ನೆರಡು ದಿನ. ನದಿ, ಬೆಟ್ಟ, ಕಾಡು, ಕೊನೆಗೆ ಬೀಚು. ಜನವರಿಯಲ್ಲಿ ಹೋದರೆ ಶ್ರೀಲಂಕಾದ ದಕ್ಷಿಣ ಕಡಲು ಶಾಂತವಾಗಿರುತ್ತದೆ ಎಂದು ಓದಿಕೊಂಡಿದ್ದೆವು.

ಮೊದಲ ನಿಲ್ದಾಣ ಕಿತುಲ್‌ಗಲ. ಕೆಲನಿ ನದಿಯಲ್ಲಿ ರಾಫ್ಟಿಂಗ್. ಮಜಾ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ದೋಣಿಯವರು ಕೊಟ್ಟ ಡ್ರೈ ಬ್ಯಾಗಿಗೆ ನಮ್ಮ ಪಾಸ್‌ಪೋರ್ಟ್ ಹಾಕಿದ್ದೇ ತಪ್ಪು. ಬಾಯಿಯನ್ನು ಒಂದೇ ಸುತ್ತು ಸುತ್ತಿ ಕ್ಲಿಪ್ ಹಾಕಿದ್ದರು. ದಡಕ್ಕೆ ಬಂದು ನೋಡಿದರೆ ಒಳಗೆ ಅರ್ಧ ಲೋಟ ಕೆಲನಿ! ಪಾಸ್‌ಪೋರ್ಟಿನ ಹಾಳೆಗಳು ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗಿದ್ದವು. ಕೇಳಿದರೆ, 'ನೋ ಪ್ರಾಬ್ಲಮ್, ಬಿಸಿಲಿದೆ' ಎಂಬ ಉತ್ತರ. ಇವತ್ತಿಗೂ ನೆನಪಾದರೆ ಉರಿಯುತ್ತದೆ. ಆ ಚೀಲದ ಬಾಯಿಯನ್ನು ಕಡಿಮೆ ಎಂದರೆ ಮೂರು ಸುತ್ತು ಸುತ್ತಬೇಕು. ಅದಕ್ಕಿಂತ ಒಳ್ಳೆಯದು, ಪಾಸ್‌ಪೋರ್ಟನ್ನು ರೂಮಿನಲ್ಲೇ ಬಿಟ್ಟು ಹೋಗಿ. ರೂಮಿನ ಫ್ಯಾನಿನ ಕೆಳಗೆ ಒಂದೊಂದೇ ಹಾಳೆ ಬಿಡಿಸಿ ಒಣಗಿಸುತ್ತಾ ಒಂದು ರಾತ್ರಿ ಕಳೆದೆವು.

ಆಮೇಲೆ ಎಲ್ಲ. ಅದು ಊರಿನ ಹೆಸರು, ನಮ್ಮ 'ಎಲ್ಲ' ಅಲ್ಲ. ಆದರೆ ಅಲ್ಲಿ ಎಲ್ಲವೂ ಸಿಗುತ್ತದೆ: ಪಿಜ್ಜಾ, ಮಸಾಜ್, ಜಿಪ್‌ಲೈನ್, ರಾತ್ರಿ ಹನ್ನೊಂದರವರೆಗೆ ಡಬ್ ಡಬ್ ಸಂಗೀತ. ಒಂದು ಇಡ್ಲಿಯಷ್ಟು ಶಾಂತಿ ಮಾತ್ರ ಇಲ್ಲ. ಒಂಬತ್ತು ಕಮಾನುಗಳ ರೈಲು ಸೇತುವೆ ಚೆಂದವೇ. ಆದರೆ ರೈಲಿಗಿಂತ ಹೆಚ್ಚು ಜನ ಹಳಿಯ ಮೇಲೆ. ನನಗೆ ಖುಷಿ ಕೊಟ್ಟದ್ದು ರಾವಣ ಒಬ್ಬನೇ. ಜಲಪಾತಕ್ಕೂ ಅವನ ಹೆಸರು, ಗುಹೆಗೂ ಅವನದೇ ಹೆಸರು, ಜಿಪ್‌ಲೈನಿಗೂ 'ಹಾರುವ ರಾವಣ'. ನಮ್ಮ ರಂಗಸ್ಥಳದಲ್ಲಿ ಅಷ್ಟು ಅಬ್ಬರಿಸಿಯೂ ಬೆಳಗಿನ ಜಾವಕ್ಕೆ ಸಾಯಲೇಬೇಕಾದವನು ಇಲ್ಲಿ ತನ್ನೂರಲ್ಲಿ ಆರಾಮಾಗಿದ್ದಾನೆ.

ಅಲ್ಲಿಂದ ಬಸ್ಸು ಬದಲಿಸುತ್ತಾ ಮಾತರ, ಮಾತರದಿಂದ ಮೇಲೆ ದೆನಿಯಾಯ. ಸಿಂಹರಾಜ ಕಾಡಿನ ದಕ್ಷಿಣದ ಬಾಗಿಲು ಅದು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮಳೆಕಾಡು. ಒಂದು ರಾತ್ರಿ ಇದ್ದು, ಕಾಡು ನೋಡಿ ಹೊರಡುವುದು ಎಂದಿದ್ದೆವು. ಮೂರು ರಾತ್ರಿ ಇದ್ದೆವು.

ನಾವು ಉಳಿದದ್ದು ಚಹಾ ತೋಟದ ಬದಿಯ ಒಂದು ಮನೆಯಲ್ಲಿ. ಬೆಳಿಗ್ಗೆ ಆರಕ್ಕೆ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದರೆ ಮೇಲಿನಿಂದ ಯಾರೋ ಕೆಮ್ಮಿದರು. ನೋಡಿದರೆ ಬೈನೆ ಮರ. ಅದೇ ಮೀನಿನ ಬಾಲದಂಥ ಎಲೆ, ಕುದುರೆಯ ಬಾಲದ ಹಾಗೆ ಇಳಿಬಿದ್ದ ಹೂವು. ನಮ್ಮಲ್ಲಿ ಆನೆಗೆ ತಿನ್ನಲು ಹಾಕುತ್ತಾರಲ್ಲ, ಅದೇ. ಕಾಂಡದುದ್ದಕ್ಕೂ ಅಡ್ಡ ಕೋಲುಗಳನ್ನು ಬಿಗಿದು ಏಣಿ ಮಾಡಿದ್ದರು. ತುದಿಯಲ್ಲಿ ಮನೆಯ ಯಜಮಾನನ ಅಪ್ಪ. ಎಪ್ಪತ್ತು ದಾಟಿದ ಜೀವ. ಸೊಂಟದಲ್ಲಿ ಕತ್ತಿ, ಹೆಗಲಿಗೆ ರಸ ಇಳಿಸುವ ಮಡಕೆ.

ಆ ಮರಕ್ಕೆ ಸಿಂಹಳದಲ್ಲಿ ಕಿತುಲ್ ಎನ್ನುತ್ತಾರೆ. ಆಗ ಹೊಳೆಯಿತು ನೋಡಿ, ಕಿತುಲ್‌ಗಲ ಎಂದರೆ ಬೈನೆಯ ಬಂಡೆ. ಊರಿನ ಹೆಸರಲ್ಲೇ ಮರ ಇದ್ದರೂ ಅಲ್ಲಿ ನಾನು ನೋಡಿದ್ದು ಒದ್ದೆ ಪಾಸ್‌ಪೋರ್ಟ್ ಮಾತ್ರ.

ಕೆಳಗಿಳಿದ ಮೇಲೆ ಸುಮ್ನೆ ಮಾತಿಗೆ ಹೇಳಿದೆ, "ನನ್ನ ಅಜ್ಜನೂ ಇದೇ ಕೆಲಸ ಮಾಡ್ತಿದ್ರು." ಮಗ ಸಿಂಹಳಕ್ಕೆ ತಿರುಗಿಸಿದ. ಹೊರಟಿದ್ದ ಮುದುಕ ಮಡಕೆ ಕೆಳಗಿಟ್ಟು ಜಗಲಿಯಲ್ಲಿ ಕೂತುಬಿಟ್ಟರು.

"ಯಾವ ಮರ, ಪುತಾ?"

ಪುತಾ ಎಂದರೆ ಮಗನೇ. ತೆಂಗು, ತಾಳೆ ಎಂದೆ.

"ದಿನಕ್ಕೆ ಎಷ್ಟು ಸಲ ಕೊಯ್ತಿದ್ರು?"

"ಬೆಳಿಗ್ಗೆ, ಸಂಜೆ. ಎರಡು ಸಲ."

ತಲೆಯಾಡಿಸಿದರು. "ರಸ ಹುಳಿ ಬರದ ಹಾಗೆ ಮಡಕೆಗೆ ಏನು ಹಾಕ್ತಿದ್ರು? ಹೊಂಬಾಳೆಗೆ ಏನು ಉಜ್ಜುತ್ತಿದ್ರು?"

ನನಗೆ ಗೊತ್ತಿರಲಿಲ್ಲ. ಅಮ್ಮನ ಅಪ್ಪ ಮೂರ್ತೆದಾರರು, ಅಂದರೆ ಮರದಿಂದ ರಸ ಇಳಿಸುವವರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಕಾಲಿಗೆ ತಳೆ ಹಾಕಿ ಮರ ಏರುತ್ತಿದ್ದದ್ದು ನೆನಪಿದೆ. ಹತ್ತಿರ ಹೋದರೆ ಕತ್ತಿ ಮುಟ್ಟಬೇಡ, ಪುಸ್ತಕ ಹಿಡಿ ಎಂದು ಗದರುತ್ತಿದ್ದರು. ಶಾಲೆಯಲ್ಲಿ ಕೇಳಿದರೆ ನಾನು 'ಅಜ್ಜ ಕೃಷಿಕರು' ಎನ್ನುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಬುದ್ಧಿ. ಈಗ ಸಮುದ್ರದಾಚೆಯ ಒಬ್ಬ ಮುದುಕ ಅಜ್ಜನ ಬಗ್ಗೆ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಾರೆ, ನಾನು ಮೂರನೇ ಪ್ರಶ್ನೆಗೇ ಫೇಲು.

ಅವರು ನಗಲಿಲ್ಲ. ಮಡಕೆಯೊಳಗಿನಿಂದ ಒಂದು ಚೂರು ತೊಗಟೆ ತೆಗೆದು ನನ್ನ ಕೈಗಿಟ್ಟರು. ಕಚ್ಚಿದೆ. ನಾಲಿಗೆ ಮರಗಟ್ಟುವಷ್ಟು ಒಗರು. ಹಲ್ ಮರದ ತೊಗಟೆಯಂತೆ. ಇದನ್ನು ಹಾಕಿದರೆ ರಸ ಕಳ್ಳಾಗುವುದಿಲ್ಲ, ಸಿಹಿಯಾಗಿಯೇ ಉಳಿಯುತ್ತದೆ. ನಮ್ಮ ಧೂಪದ ಮರದ ಹತ್ತಿರದ ನೆಂಟ ಅದು.

ತಡೆಯಲಾರದೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲೂ ಇಲ್ಲೂ ಗಡಿಯಾರ ಒಂದೇ, ಎಬ್ಬಿಸಿದೆನೋ ಎಂಬ ಭಯವಿಲ್ಲ. ಅಮ್ಮ ನೀರುದೋಸೆ ಹೊಯ್ಯುತ್ತಿದ್ದರು. ವಿಷಯ ಹೇಳಿದೆ. ತುಳುವಿನಲ್ಲಿ ಬೈಗುಳವೇ ಬಂತು.

"ಸುಣ್ಣ ಮಾರಾಯ! ಮಡಕೆಯ ಒಳಗೆ ಸುಣ್ಣ ಬಳಿಯುವುದು. ಅಷ್ಟೂ ಗೊತ್ತಿಲ್ವಾ ನಿಂಗೆ?"

ಸುಣ್ಣ ಎಂದೆ. ಮುದುಕರ ಮುಖ ಅರಳಿತು. ಆಮೇಲೆ ಮಾತು ನನ್ನ ಕೈಯಲ್ಲಿ ಉಳಿಯಲಿಲ್ಲ. "ಬೆಲ್ಲ ಕಾಯಿಸುವುದು ಯಾರು ಕೇಳು" ಎಂದರು ಅಮ್ಮ. ಒಳಗಿನಿಂದ ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ಬಂದರು. ಅಮ್ಮನ ತುಳು ನನ್ನ ಇಂಗ್ಲಿಷ್ ಆಗಿ, ಅವರ ಮಗನ ಸಿಂಹಳವಾಗಿ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಬೆಂಕಿಗೆ ಯಾವ ಸೌದೆ? ಪಾಕ ಬಂದದ್ದು ಹೇಗೆ ನೋಡುತ್ತೀರಿ? ಆ ಅಜ್ಜಿ ಒಂದು ಬಟ್ಟಲು ನೀರಿಗೆ ಒಂದು ತೊಟ್ಟು ಬಿಟ್ಟು, ಉಂಡೆ ಕಟ್ಟಿ ತೋರಿಸಿದರು. "ಹಾಂ, ಹಾಂ, ನಮ್ಮ ಅಮ್ಮನೂ ಹಾಗೇ" ಎಂದು ಅಮ್ಮ ಇಲ್ಲಿ ಕೂಗಿದ್ದು ಅನುವಾದವಿಲ್ಲದೆ ಅಲ್ಲಿಗೆ ತಲುಪಿತು. ಇಪ್ಪತ್ತು ನಿಮಿಷ. ಕಾವಲಿಯ ಮೇಲಿದ್ದ ದೋಸೆ ಕರಟಿತು.

ಕಾಡಿಗೆ ಕರೆದೊಯ್ಯಲು ಬಂದ ಗೈಡ್ ಅಂಗಳದಲ್ಲಿ ಕಾದು ಕಾದು ಚಹಾ ಕುಡಿದು ಮುಗಿಸಿದ್ದ. ಕಾಡಿನ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮ ಆಗುಂಬೆಯ ಅಣ್ಣನೋ ತಮ್ಮನೋ ಎಂಬ ಹಾಗಿತ್ತು: ಅದೇ ಒದ್ದೆ, ಅದೇ ಇಂಬಳ. ನೀಲಿ ಬಾಲ, ಕೆಂಪು ಕೊಕ್ಕಿನ ಮ್ಯಾಗ್‌ಪೈ ಒಂದು ಕ್ಷಣ ಕಂಡಿತು, ಅದು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಹಿಂಡಾಗಿ ಗದ್ದಲ ಮಾಡುತ್ತಾ ತಲೆಯ ಮೇಲೆ ಹಾದುಹೋದವು. ಗೈಡ್ ಹಲ್ ಮರ ತೋರಿಸಿದಾಗ ಮಾತ್ರ ನಾನು ನಿಂತು ತೊಗಟೆ ಮುಟ್ಟಿದೆ. ಗೆಳೆಯ, "ಹಕ್ಕಿ ಬಿಟ್ಟು ಮರ ನೋಡ್ತಿಯಲ್ಲ ಮಾರಾಯ" ಎಂದ.

ಸಂಜೆ ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ಕೊಟ್ಟರು. ನಮ್ಮ ಜೋನಿಬೆಲ್ಲಕ್ಕಿಂತ ತೆಳು, ಸ್ವಲ್ಪ ಹೊಗೆಯ ವಾಸನೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯದನ್ನು ತಿಂದಿಲ್ಲ. ರಸ್ತೆ ಬದಿ ಬಾಟಲಿಯಲ್ಲಿ ಮಾರುವುದರಲ್ಲಿ ಸಕ್ಕರೆ ಪಾಕ ಬೆರೆಸುವವರು ಜಾಸ್ತಿ ಎಂದು ಮಗ ಎಚ್ಚರಿಸಿದ. ಕೊಳ್ಳುವುದಾದರೆ ಇಳಿಸುವವರ ಮನೆಯಿಂದಲೇ ಕೊಳ್ಳಿ.

ಮಿರಿಸ್ಸ ಬೀಚಿನಲ್ಲಿ ಮೂರು ದಿನ ಇದ್ದೆವು. ಮಲ್ಪೆಯಲ್ಲಿ ಬೆಳೆದವನಿಗೆ ಕಡಲ ಮುಂದೆ ಕುರ್ಚಿಗೆ ದುಡ್ಡು ಕೊಟ್ಟು ಕೂರುವುದು ಒಗ್ಗಲಿಲ್ಲ. ಕಪ್ಪು ಹುಳಿ ಹಾಕಿ ಬತ್ತಿಸಿದ ಅಂಬುಲ್ ತಿಯಲ್ ಮೀನು ಮಾತ್ರ ದಿನವೂ ತಿಂದೆ.

ಗೆರಟೆಯಲ್ಲಿ ಎರೆದ ಕಿತುಲ್ ಬೆಲ್ಲ ಎರಡು ಅಚ್ಚು ಮನೆಗೆ ತಂದಿದ್ದೆ. ಅಮ್ಮ ಮೊದಲು ಮೂಸಿದರು. ಬೆಳಕಿಗೆ ಹಿಡಿದರು. ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

"ಒಳ್ಳೆದುಂಟು. ಪಾಕ ಒಂದು ಚೂರು ಜಾಸ್ತಿ ಆಗಿದೆ. ಆ ಅಕ್ಕನಿಗೆ ಹೇಳು."

ಇನ್ನೂ ಹೇಳಿಲ್ಲ.